‘ಹಾಯ್ ಗೈಸ್’ ಅಂದರೆ ಯಾರಿಗೆ ಹೇಳಿದ ಹಾಗೆ?

ತುಮಕೂರಿನಲ್ಲಿ ಇಂಗ್ಲಿಷ್ ಮಾತನಾಡಲು ಕಲಿಯುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ‘ಗೈ’ ಅಂದರೆ ಗಂಡಸು ಅಲ್ವಾ? ಹಾಗಿದ್ದರೆ ಬರೀ ಹುಡುಗಿಯರೇ ಇರುವ ಗುಂಪಿಗೂ ‘ಹಾಯ್ ಗೈಸ್’ ಅನ್ನೋದು ಹೇಗೆ ಸರಿ? ಅವರ ಅಪ್ಪ ಅಮ್ಮಂದಿರು ಕೇಳುವುದು ಬೇರೆ. ಹಾಗೆ ಕರೆದರೆ ಮರ್ಯಾದೆ ಕೊಟ್ಟ ಹಾಗೋ, ಕಳೆದ ಹಾಗೋ?

ಎರಡೂ ಒಳ್ಳೆಯ ಪ್ರಶ್ನೆಗಳು. ಈ ಪದ ಈಗ ನಮ್ಮ ಸುತ್ತಮುತ್ತ ಅಷ್ಟು ಓಡಾಡುತ್ತಿದೆ. ದೇವರಾಯನದುರ್ಗದ ಮೆಟ್ಟಿಲ ಮೇಲೆ, ನಂದಿಬೆಟ್ಟದ ಮೋಡದ ಮುಂದೆ, ಕೋಲಾರದ ಅಂತರಗಂಗೆಯಲ್ಲಿ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುವವರ ಬಾಯಿಂದ ಮೊದಲು ಬರುವುದು ‘ಹಾಯ್ ಗೈಸ್’. ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಗೈಸ್, ನಾಳೆ ಕ್ಲಾಸ್ ಇದೆಯಾ?’ ಇರುತ್ತದೆ. ಇದನ್ನು ಸುಮ್ನೆ ಒಂದು ಷೋಕಿ ಅಂತ ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಒಂದು ಭಾಷೆಗೆ ಹೊರಗಿನ ಪದ ಬಂದು ನೆಲೆ ನಿಂತಿದೆ ಅಂದರೆ, ಅಲ್ಲಿ ಅದಕ್ಕೆ ಮಾಡುವ ಕೆಲಸ ಏನೋ ಇದೆ ಅಂತಲೇ ಅರ್ಥ.

ಮೊದಲು ಸುಲಭದ್ದನ್ನು ಮುಗಿಸೋಣ. ಒಬ್ಬನೇ ಇದ್ದಾಗ ‘ಗೈ’ ಅಂದರೆ ಗಂಡಸು, ಹುಡುಗ. ‘ಎ ಗೈ ಕೇಮ್ ಟು ಸೀ ಯು’ ಅಂದರೆ ನಿಮ್ಮನ್ನು ನೋಡಲು ಒಬ್ಬ ಬಂದಿದ್ದ ಅಂತ. ಇದು ಆಡುಮಾತು. ‘ಜೆಂಟಲ್‌ಮನ್’ ಅಂದರೆ ಗೌರವ ಜಾಸ್ತಿ, ‘ಮ್ಯಾನ್’ ಅಂದರೆ ನೇರ, ‘ಗೈ’ ಅಂದರೆ ಸಲಿಗೆ. ಸಲಿಗೆ ಇದೆ, ಬೈಗುಳ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ‘ಫೆಲೋ’ ಅನ್ನುವ ಪದವೂ ಇಂಗ್ಲಿಷಿನಲ್ಲಿ ಬೈಗುಳವಲ್ಲ. ನಮ್ಮ ಕಡೆ ‘ರಾಸ್ಕಲ್ ಫೆಲೋ’, ‘ಯೂಸ್‌ಲೆಸ್ ಫೆಲೋ’ ಅಂತ ಬಳಸಿ ಬಳಸಿ ಅದಕ್ಕೆ ಖಾರ ಹತ್ತಿಬಿಟ್ಟಿದೆ. ‘ಗೈ’ ಪದಕ್ಕೆ ಇಲ್ಲಿ ಇನ್ನೂ ಆ ಖಾರ ಹತ್ತಿಲ್ಲ.

ಆದರೆ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ‘ಗೈ’ ಅನ್ನಿಸಿಕೊಳ್ಳುವುದು ಅವಮಾನವೇ ಆಗಿತ್ತು. ಯಾಕೆಂದರೆ ಈ ಪದದ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ. ಅವನ ಬೊಂಬೆ ಮಾಡಿ ಸುಡುತ್ತಿದ್ದರು.

ಅವನ ಹೆಸರು ಗೈ ಫಾಕ್ಸ್. 1570ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಲ್ಲಿ ಹುಟ್ಟಿದವನು. ಕ್ರೈಸ್ತರ ಕ್ಯಾಥೊಲಿಕ್ ಪಂಗಡಕ್ಕೆ ಸೇರಿದ್ದ. ಸ್ಪೇನಿನ ಪರವಾಗಿ ಯುದ್ಧ ಮಾಡಿ ಸಿಡಿಮದ್ದಿನ ಕೆಲಸ ಬಲ್ಲವನಾಗಿದ್ದ. ಆಗ ಇಂಗ್ಲೆಂಡಿನಲ್ಲಿ ಆಳುತ್ತಿದ್ದವನು ಕ್ರೈಸ್ತರ ಇನ್ನೊಂದು ಪಂಗಡವಾದ ಪ್ರಾಟೆಸ್ಟಂಟರ ದೊರೆ ಒಂದನೇ ಜೇಮ್ಸ್. ಕ್ಯಾಥೊಲಿಕರಿಗೆ ಕಷ್ಟದ ದಿನಗಳು. ರಾಬರ್ಟ್ ಕೇಟ್ಸ್‌ಬಿ ಎಂಬುವನ ಮುಂದಾಳತ್ವದಲ್ಲಿ 13 ಜನ ಸೇರಿ ಒಂದು ಸಂಚು ಹೂಡಿದರು. ದೊರೆ ಪಾರ್ಲಿಮೆಂಟಿಗೆ ಬರುವ ದಿನ ಇಡೀ ಕಟ್ಟಡವನ್ನೇ ಉಡಾಯಿಸಿಬಿಡುವುದು. ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಸಭೆಯ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದು ಪೇರಿಸಿಟ್ಟರು. ಬತ್ತಿಗೆ ಬೆಂಕಿ ಕೊಡುವ ಕೆಲಸ ಗೈ ಫಾಕ್ಸನದು.

ಆದರೆ ಗುಟ್ಟು ಹೊರಬಿತ್ತು. ಲಾರ್ಡ್ ಮಾಂಟೀಗಲ್ ಎಂಬುವರಿಗೆ ‘ಆ ದಿನ ಪಾರ್ಲಿಮೆಂಟಿಗೆ ಹೋಗಬೇಡಿ’ ಅಂತ ಹೆಸರಿಲ್ಲದ ಕಾಗದ ಬಂತು. ಅವರು ಅದನ್ನು ಸರ್ಕಾರಕ್ಕೆ ಮುಟ್ಟಿಸಿದರು. 1605ರ ನವೆಂಬರ್ 4ರ ರಾತ್ರಿ ಕಳೆದು 5ಕ್ಕೆ ಕಾಲಿಡುವ ಹೊತ್ತಿಗೆ ನೆಲಮಾಳಿಗೆಯಲ್ಲಿ ಹುಡುಕಿದರು. ಫಾಕ್ಸ್ ಸಿಕ್ಕಿಬಿದ್ದ. ನನ್ನ ಹೆಸರು ಜಾನ್ ಜಾನ್ಸನ್ ಅಂತ ಹೇಳಿದ. ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿದರು. 1606ರ ಜನವರಿ 31ರಂದು ಗಲ್ಲಿಗೇರಿಸಿದರು. ಸಂಚಿನ ಮುಖಂಡ ಕೇಟ್ಸ್‌ಬಿ. ಆದರೂ ಜನರ ಬಾಯಲ್ಲಿ ಉಳಿದದ್ದು ಮದ್ದಿನ ಪಕ್ಕದಲ್ಲಿ ಸಿಕ್ಕಿಬಿದ್ದವನ ಹೆಸರೇ.

ಆ ವರ್ಷದಿಂದ ನವೆಂಬರ್ 5 ಇಂಗ್ಲೆಂಡಿನಲ್ಲಿ ಬೆಂಕಿಯ ಹಬ್ಬ ಆಯಿತು. ದೊರೆ ಉಳಿದ ದಿನವನ್ನು ಆಚರಿಸಬೇಕು ಅಂತ ಕಾನೂನೇ ಬಂತು. ಆ ಕಾನೂನು ಹೋದದ್ದು 1859ರಲ್ಲಿ. ಹಬ್ಬ ಮಾತ್ರ ಇವತ್ತಿಗೂ ಇದೆ. ಹಳೇ ಬಟ್ಟೆ ತೊಡಿಸಿ, ಒಳಗೆ ಹುಲ್ಲು, ಕಾಗದ ತುರುಕಿ ಒಂದು ಬೊಂಬೆ ಮಾಡುತ್ತಾರೆ. ಅದರ ಹೆಸರು ‘ಗೈ’. ಮಕ್ಕಳು ಅದನ್ನು ಬೀದಿ ಬೀದಿ ತಿರುಗಿಸಿ ‘ಎ ಪೆನ್ನಿ ಫಾರ್ ದ ಗೈ’ ಅಂತ ಚಿಲ್ಲರೆ ಎತ್ತುತ್ತಿದ್ದರು. ರಾತ್ರಿ ಸೌದೆ ರಾಶಿ ಹಾಕಿ ಬೊಂಬೆ ಸುಡುತ್ತಿದ್ದರು. ಇದನ್ನು ಓದುವಾಗ ನಮ್ಮ ಊರುಗಳ ಹೋಳಿ ಹುಣ್ಣಿಮೆ ನೆನಪಾಗದೆ ಇರುವುದಿಲ್ಲ. ಕಾಮಣ್ಣನ ಹೆಸರು ಹೇಳಿ ಮನೆ ಮನೆಯಿಂದ ಸೌದೆ, ಬೆರಣಿ ಒಟ್ಟು ಮಾಡುವ ಹುಡುಗರ ದಂಡು, ರಾತ್ರಿ ಆದ ಮೇಲೆ ಕಾಮದಹನ. ನಮ್ಮ ಕಾಮಣ್ಣ ದೇವರ ಲೆಕ್ಕ, ಅವರ ಗೈ ರಾಜದ್ರೋಹಿ. ಆದರೆ ಬೆಂಕಿಯ ಮುಂದಿನ ಮಕ್ಕಳ ಗಲಾಟೆ ಎರಡು ಕಡೆಯೂ ಒಂದೇ.

ಇಲ್ಲಿಂದ ಪದ ಒಂದೊಂದೇ ಹೆಜ್ಜೆ ಜಾರಿತು. 1800ರ ನಂತರದ ದಶಕಗಳಲ್ಲಿ ಇಂಗ್ಲೆಂಡಿನವರು ಆ ಬೊಂಬೆಯ ಹಾಗೆ ಚಿಂದಿ ಚಿತ್ರಾನ್ನವಾಗಿ ಬಟ್ಟೆ ಹಾಕಿದವರನ್ನೂ ‘ಗೈ’ ಅನ್ನತೊಡಗಿದರು. ‘ಟು ಗೈ’ ಅಂದರೆ ಗೇಲಿ ಮಾಡು ಅನ್ನುವ ಕ್ರಿಯಾಪದವೂ ಹುಟ್ಟಿತು. ಅದೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದಲ್ಲಿ ಪದ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಗೈ ಫಾಕ್ಸನ ಹಬ್ಬಕ್ಕೆ ಇಂಗ್ಲೆಂಡಿನಷ್ಟು ಬೇರಿರಲಿಲ್ಲ. ಕಥೆ ಮರೆತು ಹೋದಲ್ಲಿ ಅವಮಾನವೂ ಮರೆತು ಹೋಗುತ್ತದೆ. ‘ಗೈ’ ಅಂದರೆ ಸುಮ್ನೆ ಒಬ್ಬ ಮನುಷ್ಯ ಅಂತ ಉಳಿಯಿತು. ಆ ಅರ್ಥವೇ ತಿರುಗಿ ಇಂಗ್ಲೆಂಡಿಗೂ ಹೋಯಿತು, ನಮಗೂ ಬಂತು.

ಕನ್ನಡದಲ್ಲೂ ಇಂಥ ಜಾರಾಟ ನಡೆದಿದೆ. ‘ಆಸಾಮಿ’ ನೋಡಿ. ಕಂದಾಯದ ಕಡತಗಳಲ್ಲಿ ಒಕ್ಕಲಿಗೆ, ರೈತನಿಗೆ ಬಳಸುತ್ತಿದ್ದ ಪದ. ಈಗ ‘ಭಲೇ ಆಸಾಮಿ ಕಣಯ್ಯ’ ಅಂದರೆ ಅದರಲ್ಲಿ ಜಮೀನೂ ಇಲ್ಲ, ಕಂದಾಯವೂ ಇಲ್ಲ. ‘ಗಿರಾಕಿ’ಯೂ ಹಾಗೆಯೇ. ಅಂಗಡಿಗೆ ಬರುವವನು ಗಿರಾಕಿ. ಆದರೆ ‘ಅವನು ಎಂಥಾ ಗಿರಾಕಿ ಗೊತ್ತಾ?’ ಅಂದಾಗ ವ್ಯಾಪಾರದ ಮಾತೇ ಇಲ್ಲ. ‘ಗೈ’ ಪದಕ್ಕೆ ಕನ್ನಡದಲ್ಲಿ ತೀರಾ ಹತ್ತಿರದವು ಯಾವುವು ಅಂದರೆ ನಾನು ಈ ಎರಡನ್ನೇ ಹೇಳುತ್ತೇನೆ.

‘ಗೈ’ ಅನ್ನುವ ಹೆಸರು ಮಾತ್ರ ಫಾಕ್ಸನಿಗಿಂತ ಬಹಳ ಹಳೆಯದು. ಫ್ರಾನ್ಸಿನಲ್ಲಿ ಇದನ್ನು ‘ಗೀ’ ಅಂತ ಹೇಳುತ್ತಾರೆ. ಕನ್ನಡಕ್ಕೆ ಅನುವಾದವಾಗಿರುವ ಫ್ರೆಂಚ್ ಕಥೆಗಾರ ಮೊಪಾಸಾನ ಕಥೆಗಳನ್ನು ಓದಿದವರಿಗೆ ಅವನ ಪೂರ್ತಿ ಹೆಸರು ಗೊತ್ತಿರುತ್ತದೆ. ಗೀ ದ ಮೊಪಾಸಾ. ಅದೇ ಹೆಸರು, ಅದೇ ಅಕ್ಷರಗಳು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಒಬ್ಬ ಗಂಡಸಿಗೆ ಹೇಳುವ ಪದ ಬಹುವಚನ ಆದ ಕೂಡಲೇ ಹೆಂಗಸರನ್ನೂ ಒಳಗೊಂಡಿದ್ದು ಹೇಗೆ? ಇದಕ್ಕೆ ‘ಗೈ’ ಪದವನ್ನೇ ನೋಡುತ್ತಾ ಕುಳಿತರೆ ಉತ್ತರ ಸಿಗುವುದಿಲ್ಲ. ಅದರ ಪಕ್ಕದಲ್ಲಿರುವ ‘ಯು’ ಪದವನ್ನು ನೋಡಬೇಕು.

ಈಗಿನ ಇಂಗ್ಲಿಷಿನಲ್ಲಿ ನೀನು, ನೀವು ಅನ್ನುವ ವ್ಯತ್ಯಾಸ ಇಲ್ಲ. ಎಲ್ಲದಕ್ಕೂ ‘ಯು’. ಮೊದಲು ಹೀಗಿರಲಿಲ್ಲ. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಮತ್ತು ‘ಯು’ ಅಂತ ಇತ್ತು. ಗೈ ಫಾಕ್ಸ್ ಕೊಲ್ಲಲು ಹೊರಟಿದ್ದ ಅದೇ ಜೇಮ್ಸ್ ದೊರೆಯ ಅಪ್ಪಣೆಯಂತೆ 1611ರಲ್ಲಿ ಬೈಬಲ್ಲಿನ ಇಂಗ್ಲಿಷ್ ಅನುವಾದ ಬಂತು. ಅದರಲ್ಲಿ ಒಬ್ಬರಿಗೆ ದೌ, ಹಲವರಿಗೆ ಯೀ ಅನ್ನುವುದು ಸ್ಪಷ್ಟವಾಗಿದೆ. ದೇವರನ್ನೂ ‘ದೌ’ ಎಂದೇ ಕರೆದಿದ್ದಾರೆ. ನಾವೂ ದೇವರನ್ನು ನೀನು ಅಂತಲೇ ಕರೆಯುತ್ತೇವೆ. ವಚನಗಳಲ್ಲಿ ಕೂಡಲಸಂಗಮದೇವನಿಗೆ ನೀನು. ಹೆತ್ತಮ್ಮನಿಗೂ ನೀನು.

ಆಮೇಲೆ ನಡೆದದ್ದು ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಲವರಿಗೆ ಬಳಸುವ ‘ಯು’ ಪದವನ್ನು ಒಬ್ಬ ದೊಡ್ಡವರಿಗೆ ಮರ್ಯಾದೆ ಕೊಡಲು ಬಳಸತೊಡಗಿದರು. ನಾವು ಒಬ್ಬ ಮೇಷ್ಟ್ರಿಗೆ ‘ನೀವು’ ಅಂದ ಹಾಗೆಯೇ. ವ್ಯತ್ಯಾಸ ಏನೆಂದರೆ, ಕನ್ನಡ ‘ನೀನು’ ಪದವನ್ನು ಬಿಡಲಿಲ್ಲ. ಇಂಗ್ಲಿಷ್ ಬಿಟ್ಟುಬಿಟ್ಟಿತು. ಯಾರಿಗೆ ಮರ್ಯಾದೆ ಕಡಿಮೆಯಾಗುತ್ತದೋ ಅನ್ನುವ ಅಂಜಿಕೆಯಲ್ಲಿ ಎಲ್ಲರಿಗೂ ‘ಯು’ ಅನ್ನುತ್ತಾ ಹೋಗಿ, ‘ದೌ’ ಬಹುಪಾಲು ಕಡೆ ಮಾಯವಾಯಿತು.

ಮರ್ಯಾದೆಯ ತೊಡಕು ಬಗೆಹರಿಯಿತು. ಬೇರೊಂದು ತೊಡಕು ಶುರುವಾಯಿತು. ‘ಆರ್ ಯು ಕಮಿಂಗ್?’ ಅಂದರೆ ಒಬ್ಬರನ್ನು ಕೇಳಿದ್ದಾ, ಇಡೀ ಗುಂಪನ್ನು ಕೇಳಿದ್ದಾ? ತಿಳಿಯುವುದಿಲ್ಲ. ಹಾಗಾಗಿ ಇಂಗ್ಲಿಷ್ ಆಡುವ ಒಂದೊಂದು ಸೀಮೆಯೂ ತನ್ನದೇ ದಾರಿ ಹುಡುಕಿಕೊಂಡಿತು. ಅಮೆರಿಕದ ದಕ್ಷಿಣದವರು ‘ಯಾಲ್’ ಅಂದರು, ಯು ಆಲ್ ಎನ್ನುವುದರ ಗಿಡ್ಡ ರೂಪ. ನಮ್ಮ ‘ನೀವೆಲ್ಲ’ ಇದ್ದ ಹಾಗೆ. ಐರ್ಲೆಂಡಿನವರು ‘ಯೂಸ್’ ಅಂದರು. ಬ್ರಿಟನ್ನಿನಲ್ಲಿ ‘ಯು ಲಾಟ್’ ಇದೆ. ಪಿಟ್ಸ್‌ಬರ್ಗ್ ಊರಿನವರು ‘ಯಿಂಜ್’ ಅನ್ನುತ್ತಾರೆ. ಅಮೆರಿಕದ ಉಳಿದ ಬಹಳ ಕಡೆ ‘ಯು ಗೈಸ್’ ಗೆದ್ದಿತು.

ಹಾಗಾಗಿ ‘ಯು ಗೈಸ್’ ಅನ್ನುವಲ್ಲಿ ಗೈಸ್ ಪದ ಗಂಡಸು ಅನ್ನುವ ಅರ್ಥ ಹೇಳುತ್ತಿಲ್ಲ. ಅದು ‘ಗಳು’, ‘ಎಲ್ಲ’ ಅನ್ನುವ ಕೆಲಸ ಮಾಡುತ್ತಿದೆ. ನೀನು ಪದವನ್ನು ನೀವೆಲ್ಲ ಮಾಡುವ ಬಾಲ ಅದು. ಇದು ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ಸರಳ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ತುಮಕೂರು ಬಸ್ ನಿಲ್ದಾಣದಲ್ಲಿ ನಿಂತು ‘ತ್ರೀ ಗೈಸ್ ಗಾಟ್ ಆಫ್ ದ ಬಸ್’ ಅಂದರೆ ಇಳಿದವರು ಮೂವರು ಗಂಡಸರು. ಕೇಳಿದವರಿಗೆ ಅನುಮಾನವೇ ಬರುವುದಿಲ್ಲ. ಬಸ್ಸಿನಿಂದ ಇಳಿದ ಮೂವರು ಗೆಳತಿಯರನ್ನು ನೋಡಿ ‘ವೇರ್ ಆರ್ ಯು ಗೈಸ್ ಗೋಯಿಂಗ್?’ ಅಂದರೂ ತಪ್ಪಿಲ್ಲ. ಅವರ ಬಗ್ಗೆ ಬೇರೆಯವರಿಗೆ ಹೇಳುವಾಗ ಗೈಸ್ ಅಂದರೆ ಗಂಡಸರು. ಎದುರಿಗಿದ್ದವರನ್ನೇ ಕರೆಯುವಾಗ ಗೈಸ್ ಅಂದರೆ ಎಲ್ಲರೂ. ಒಬ್ಬಳೇ ಇದ್ದಾಗ ‘ಹಾಯ್ ಗೈ’ ಅನ್ನಲು ಬರುವುದೇ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕನ್ನಡದಲ್ಲಿ ನೀನು, ನೀವು, ನೀವೆಲ್ಲ ಎಲ್ಲವೂ ಇವೆ. ಇಂಗ್ಲಿಷಿಗೆ ಇದ್ದ ಕೊರತೆ ನಮಗಿಲ್ಲ. ಹಾಗಿದ್ದೂ ನಮ್ಮ ಹುಡುಗರಿಗೆ ಈ ಪದ ಯಾಕೆ ಬೇಕಾಯಿತು?

ನಮ್ಮ ಕಡೆ ಸಲಿಗೆಯಿಂದ ಕೂಗುವುದು ಹೇಗೆ ಅಂತ ಕಿವಿಗೊಟ್ಟು ಕೇಳಿ. ಹುಡುಗರ ಗುಂಪಿಗೆ ‘ಏನ್ರೋ, ಬನ್ರೋ’. ಹುಡುಗಿಯರ ಗುಂಪಿಗೆ ‘ಏನ್ರೇ, ಬನ್ರೇ’. ಒಬ್ಬನಿಗೆ ‘ಲೋ’, ಒಬ್ಬಳಿಗೆ ‘ಲೇ’. ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಆಡುವ ತೆಲುಗಿನಲ್ಲೂ ಹುಡುಗನಿಗೆ ‘ಏರಾ’, ಹುಡುಗಿಗೆ ‘ಏಮೇ’. ಸಲಿಗೆ ಹತ್ತಿರ ಬಂದಷ್ಟೂ ಮಾತು ಗಂಡು ಹೆಣ್ಣು ಅಂತ ಎರಡು ಹೋಳಾಗುತ್ತದೆ. ಮರ್ಯಾದೆಯ ‘ಬನ್ನಿ’ ಎಲ್ಲರಿಗೂ ಒಪ್ಪುತ್ತದೆ. ಆದರೆ ಒಂದೇ ಬೆಂಚಿನ ಗೆಳೆಯ ಗೆಳತಿಯರಿಗೆ ‘ಬನ್ನಿ’ ಅಂದರೆ ಮದುವೆ ಮನೆ ಬಾಗಿಲಲ್ಲಿ ನಿಂತು ಕರೆದ ಹಾಗೆ ಕೇಳುತ್ತದೆ.

ಹುಡುಗರು, ಹುಡುಗಿಯರು ಒಂದೇ ಗುಂಪಾಗಿ, ಸಮಾನ ಗೆಳೆಯರಾಗಿ ಕೂರುವುದು ನಮ್ಮ ಊರುಗಳಲ್ಲಿ ತೀರಾ ಹಳೆಯ ವಿಷಯವಲ್ಲ. ಒಂದು ತಲೆಮಾರಿನ ಹಿಂದೆ ಕ್ಲಾಸಿನಲ್ಲಿ ಈ ಕಡೆ ಹುಡುಗರು, ಆ ಕಡೆ ಹುಡುಗಿಯರು. ಈಗ ಪ್ರಾಜೆಕ್ಟ್ ಮಾಡುವುದು ಒಟ್ಟಿಗೆ, ಬೆಂಗಳೂರಿಗೆ ಬೆಳಗಿನ ರೈಲು ಹತ್ತುವುದು ಒಟ್ಟಿಗೆ, ಕ್ಯಾಂಟೀನಿನಲ್ಲಿ ಟೀ ಕುಡಿಯುವುದು ಒಟ್ಟಿಗೆ. ಈ ಹೊಸ ಗುಂಪನ್ನು ಒಂದೇ ಉಸಿರಲ್ಲಿ, ಸಲಿಗೆಯಿಂದ, ಯಾರನ್ನೂ ಬೇರೆ ಮಾಡದೆ ಕರೆಯುವ ಪದ ಬೇಕಿತ್ತು. ‘ಗೈಸ್’ ಆ ಜಾಗಕ್ಕೆ ಬಂತು. ಇಂಗ್ಲಿಷಿನಲ್ಲಿ ಈ ಪದ ತುಂಬಿದ ಜಾಗ ಬೇರೆ, ಕನ್ನಡದಲ್ಲಿ ತುಂಬಿದ ಜಾಗ ಬೇರೆ.

ಕನ್ನಡ ತಾನೂ ಒಂದು ದಾರಿ ಕಂಡುಕೊಂಡಿತ್ತು. ‘ಏನ್ರಪ್ಪಾ, ಊಟ ಆಯ್ತಾ?’ ಅಂತ ದೊಡ್ಡವರು ಕೇಳುವಾಗ ಎದುರಿಗೆ ಹೆಣ್ಣುಮಕ್ಕಳೂ ಇರುತ್ತಾರೆ. ಇದರಲ್ಲಿರುವುದು ‘ಅಪ್ಪ’. ಆದರೂ ಯಾವ ಹೆಣ್ಣುಮಗಳೂ ನನ್ನನ್ನು ಕೇಳಲಿಲ್ಲ ಅಂದುಕೊಳ್ಳುವುದಿಲ್ಲ. ಇಬ್ಬರು ಗೆಳತಿಯರು ತಮ್ಮ ತಮ್ಮಲ್ಲೇ ‘ಹೌದಪ್ಪಾ’, ‘ಬೇಡಪ್ಪಾ’ ಅನ್ನುತ್ತಾರೆ. ಅಲ್ಲಿ ಅಪ್ಪನೂ ಇಲ್ಲ, ಗಂಡಸೂ ಇಲ್ಲ. ಗೈಸ್ ಪದ ಹೆಂಗಸರನ್ನು ಹೇಗೆ ಒಳಗೊಳ್ಳುತ್ತದೆ ಅಂತ ಕೇಳುವವರಿಗೆ ನಾನು ಮೊದಲು ಕೊಡುವ ಉದಾಹರಣೆ ಇದೇ. ಆದರೆ ‘ಏನ್ರಪ್ಪಾ’ ಅನ್ನುವುದರಲ್ಲಿ ಹಿರಿತನದ ದನಿ ಇದೆ. ಹದಿನೆಂಟರ ಹುಡುಗಿ ತನ್ನ ಗೆಳೆಯರಿಗೆ ಅದನ್ನು ಯಾವಾಗಲೂ ಹೇಳಲಾರಳು.

ಎರಡನೇ ಪ್ರಶ್ನೆ ಮರ್ಯಾದೆಯದು. ಕನ್ನಡದ ವಾಕ್ಯದಲ್ಲಿ ಬಂದಾಗ ಅದನ್ನು ತೀರ್ಮಾನಿಸುವುದು ಗೈಸ್ ಅಲ್ಲ, ಕ್ರಿಯಾಪದ. ‘ಗೈಸ್, ಇಲ್ಲಿ ನೋಡಿ’ ಅಂದರೆ ಮರ್ಯಾದೆ ಇದೆ. ‘ಗೈಸ್, ನೋಡ್ರೋ’ ಅಂದರೆ ಸಲಿಗೆ. ವಿಡಿಯೋ ಮಾಡುವವರು ಬಹುಪಾಲು ‘ನೋಡಿ’, ‘ಬನ್ನಿ’ ಅಂತಲೇ ಹೇಳುತ್ತಾರೆ. ಆಕಾಶವಾಣಿಯ ‘ಪ್ರಿಯ ಕೇಳುಗರೇ’, ಟೀವಿಯ ‘ವೀಕ್ಷಕರೇ’, ಸಭೆಯ ‘ಬಂಧುಗಳೇ’ ಇದ್ದ ಜಾಗದಲ್ಲಿ ಅವರು ಇದನ್ನು ಇಟ್ಟಿದ್ದಾರೆ. ಹಿಂದಿನ ಪದಗಳು ವೇದಿಕೆಯ ಮೇಲಿಂದ ಬಂದವು. ಇದು ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ. ‘ಸ್ನೇಹಿತರೇ’ ನನಗೆ ಇದಕ್ಕಿಂತ ಚೆನ್ನಾಗಿ ಕೇಳುತ್ತದೆ, ಅದನ್ನು ಬಳಸುವವರನ್ನು ಕಂಡರೆ ಖುಷಿಯಾಗುತ್ತದೆ. ಹಾಗಂತ ಗೈಸ್ ಅಂದವರಿಂದ ಕನ್ನಡ ಕೆಡುತ್ತದೆ ಅಂತ ನಾನು ನಂಬುವುದಿಲ್ಲ.

ಇಂಗ್ಲಿಷಿನಲ್ಲೇ ಮಾತನಾಡುವಾಗ ಮಾತ್ರ ಎಚ್ಚರ ಬೇಕು. ಇದು ಸರೀಕರಲ್ಲಿ ನಡೆಯುವ ಮಾತು, ಇಲ್ಲವೇ ಮೇಲಿನಿಂದ ಕೆಳಕ್ಕೆ ಬರುವ ಮಾತು. ಲೆಕ್ಚರರ್ ವಿದ್ಯಾರ್ಥಿಗಳಿಗೆ ‘ಓಕೆ ಗೈಸ್’ ಅನ್ನಬಹುದು. ವಿದ್ಯಾರ್ಥಿ ಲೆಕ್ಚರರುಗಳ ಕೊಠಡಿಗೆ ಹೋಗಿ ‘ಹಾಯ್ ಗೈಸ್’ ಅನ್ನಬಾರದು. ವಸಂತನರಸಾಪುರದ ಫ್ಯಾಕ್ಟರಿಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕೂತ ಮೂವರಿಗೆ ‘ಗುಡ್ ಮಾರ್ನಿಂಗ್, ಎವ್ರಿವನ್’ ಅಂದರೆ ಸಾಕು. ಕೆಲಸ ಸಿಕ್ಕಿ, ಅವರೇ ನಿಮ್ಮ ತಂಡದವರಾದ ಮೇಲೆ, ಅವರು ಮೊದಲು ಗೈಸ್ ಅಂದ ಮೇಲೆ ನೀವೂ ಅನ್ನಿ. ಇಮೇಲಿನಲ್ಲೂ ಅಷ್ಟೇ. ಮೊದಲ ಸಲ ಬರೆಯುವ ಇಮೇಲಿನಲ್ಲಿ ‘ಹಾಯ್ ಆಲ್’, ‘ಡಿಯರ್ ಆಲ್’ ಒಳ್ಳೆಯದು. ರಜೆ ಕೇಳುವ ಅರ್ಜಿಯಲ್ಲಿ ‘ಗೈ’ ಪದಕ್ಕೆ ಜಾಗವೇ ಇಲ್ಲ.

ಹೆಂಗಸರನ್ನೂ ಗೈಸ್ ಅನ್ನುವುದು ಬೇಡ ಅನ್ನುವವರು ಇಂಗ್ಲಿಷ್ ನಾಡುಗಳಲ್ಲೂ ಇದ್ದಾರೆ. ಗಂಡಸಿನ ಪದವೇ ಎಲ್ಲರ ಪದ ಯಾಕಾಗಬೇಕು ಅನ್ನುವುದು ಅವರ ಪ್ರಶ್ನೆ. ಅದು ತೂಕದ ಪ್ರಶ್ನೆಯೇ. ಅಂಥವರು ‘ಫೋಕ್ಸ್’, ‘ಟೀಮ್’, ‘ಎವ್ರಿವನ್’ ಅನ್ನುತ್ತಾರೆ. ಲಂಡನ್ನಿನ ಸುರಂಗ ರೈಲುಗಳ ಘೋಷಣೆಯಲ್ಲಿ ‘ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್’ ಬಿಟ್ಟು ‘ಎವ್ರಿವನ್’ ಬಂದದ್ದು 2017ರಲ್ಲಿ. ನಿಮ್ಮ ಗುಂಪಿನಲ್ಲಿ ಯಾರಾದರೂ ನನಗೆ ಗೈಸ್ ಅನ್ನಬೇಡಿ ಅಂದರೆ ವಾದ ಮಾಡುವ ಅಗತ್ಯವಿಲ್ಲ. ಬೇರೆ ಪದಗಳು ಬೇಕಾದಷ್ಟಿವೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮೂರಿನ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಲ್ಲಿನ ಹೋಟೆಲಿನಲ್ಲಿ ಇಪ್ಪತ್ತರ ಹುಡುಗ ಬಂದು ‘ಹೌ ಆರ್ ಯು ಗೈಸ್ ಡೂಯಿಂಗ್?’ ಅಂತ ಕೇಳುತ್ತಾನೆ. ಅದು ಅಗೌರವವಲ್ಲ. ‘ಚೆನ್ನಾಗಿದ್ದೀರಾ?’ ಅಂತ ಕೇಳಿದ್ದಾನೆ ಅಷ್ಟೇ.

ಇನ್ನು ಈ ಪದ ಬೇರೆ ಪದಗಳ ಜೊತೆ ಸೇರಿ ಮಾಡುವ ಅರ್ಥಗಳಿವೆ. ‘ಗುಡ್ ಗೈ’, ‘ಬ್ಯಾಡ್ ಗೈ’ ಅಂದರೆ ಒಳ್ಳೆಯವನು, ಕೆಟ್ಟವನು. ಕಥೆಯ ನಾಯಕ, ಖಳನಾಯಕರಿಗೂ ಹೇಳುತ್ತಾರೆ. ‘ವೈಸ್ ಗೈ’ ಅಂದರೆ ಜ್ಞಾನಿ ಅಂದುಕೊಂಡು ಮೋಸ ಹೋಗುವವರು ಜಾಸ್ತಿ. ಅದರ ಅರ್ಥ ಅಧಿಕಪ್ರಸಂಗಿ. ‘ಫಾಲ್ ಗೈ’ ಅಂದರೆ ಬೇರೆಯವರ ತಪ್ಪನ್ನು ತಲೆ ಮೇಲೆ ಹೊರುವವನು. ‘ಡೆಲಿವರಿ ಗೈ’, ‘ಐಟಿ ಗೈ’ ಅಂದಾಗ ಆ ಕೆಲಸ ಮಾಡುವವನು. ‘ಐಯಾಮ್ ಎ ಕಾಫಿ ಗೈ’ ಅಂದರೆ ನನಗೆ ಕಾಫಿಯೇ ಆಗಬೇಕು ಅಂತ. ‘ದ ಲಿಟಲ್ ಗೈ’ ಅಂದರೆ ಕುಳ್ಳ ಅಲ್ಲ. ದೊಡ್ಡ ಕಂಪನಿ, ದೊಡ್ಡ ಹಣದ ಎದುರಿಗೆ ನಿಂತ ಸಣ್ಣ ವ್ಯಾಪಾರಿ, ಸಣ್ಣ ರೈತ, ಬಡವ. ಆದರೆ ಬೆಕ್ಕಿನ ಮರಿ ಎತ್ತಿಕೊಂಡು ‘ದಿಸ್ ಲಿಟಲ್ ಗೈ’ ಅಂದರೆ ಬರೀ ಮುದ್ದು.

ಇವುಗಳಲ್ಲಿ ನಮಗೆ ತೀರಾ ಹತ್ತಿರದ್ದು ‘ಐ ನೋ ಎ ಗೈ’. ಗಾಡಿ ರಿಪೇರಿ ಇರಲಿ, ಮನೆಗೆ ಬಣ್ಣ ಹೊಡೆಸುವುದಿರಲಿ, ಬೋರ್‌ವೆಲ್ ಮೋಟಾರ್ ಸುಟ್ಟಿರಲಿ, ‘ತಡಿ, ನಂಗೆ ಗೊತ್ತಿರೋರು ಒಬ್ಬರಿದ್ದಾರೆ’ ಅನ್ನುತ್ತೇವಲ್ಲ, ಅದೇ ಇದು. ನಂಬಬಹುದು, ರೇಟು ಸರಿ ಇರುತ್ತದೆ, ನನ್ನ ಹೆಸರು ಹೇಳಿದರೆ ಕೆಲಸ ಆಗುತ್ತದೆ ಅನ್ನುವುದೆಲ್ಲ ಈ ಸಣ್ಣ ಮಾತಿನಲ್ಲಿ ಅಡಗಿದೆ.

‘ಗೈ ವೈರ್’, ‘ಗೈ ರೋಪ್’ ಬೇರೆಯೇ ಪದ. ಟವರು, ಡೇರೆಗಳು ಬೀಳದಂತೆ ಎಳೆದು ಕಟ್ಟುವ ತಂತಿ, ಹಗ್ಗ. ಕರೆಂಟ್ ಕಂಬಕ್ಕೆ ಓರೆಯಾಗಿ ನೆಲಕ್ಕೆ ಬಿಗಿದಿರುತ್ತದಲ್ಲ, ನಮ್ಮ ಲೈನ್‌ಮನ್‌ಗಳು ಸ್ಟೇ ವೈರ್ ಅನ್ನುವುದು, ಅದೇ. ದಾರಿ ತೋರಿಸು ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಫಾಕ್ಸನಿಗೂ ಇದಕ್ಕೂ ಸಂಬಂಧ ಇಲ್ಲ.

ಕೊನೆಗೆ ಉಚ್ಚಾರ. ಇದರಲ್ಲಿ ಮುಜುಗರಪಟ್ಟ ಮಕ್ಕಳನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಕಾಗುಣಿತದಲ್ಲಿ ‘ಯು’ ಅಕ್ಷರ ಇದೆ ಅಂತ ‘ಗುಯ್’ ಅನ್ನಬೇಡಿ. ‘ಗೇ’ ಅಂತಲೂ ಎಳೆಯಬೇಡಿ. ‘ಗೇ’ ಬೇರೆ ಪದ, ತನ್ನಂತೆಯೇ ಗಂಡಾಗಿರುವವನನ್ನು ಪ್ರೀತಿಸುವ ಗಂಡಸಿಗೆ ಹೇಳುವುದು. ಅದು ಬೈಗುಳವೂ ಅಲ್ಲ, ತಮಾಷೆಯ ವಿಷಯವೂ ಅಲ್ಲ. ‘ಕೈ’ ಅನ್ನುವಾಗ ಬಾಯಿ ಹೇಗೆ ತೆರೆಯುತ್ತದೋ ಹಾಗೆಯೇ ತೆರೆದು ‘ಗೈ’ ಅನ್ನಿ. ಬಹುವಚನದ ಕೊನೆಯ ಸದ್ದು ‘ಸ್’ ಅಲ್ಲ, ಪ್ರಾಣಿ ಸಂಗ್ರಹಾಲಯಕ್ಕೆ ಇಂಗ್ಲಿಷಿನಲ್ಲಿ ‘ಜೂ’ (zoo) ಅನ್ನುವಾಗ ಬರುವ ‘ಜ್’ (z). ಕನ್ನಡದಲ್ಲಿ ಮಾತನಾಡುವಾಗ ಗೈಸ್ ಅಂದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾತನಾಡುವಾಗ ಆ ಸದ್ದನ್ನು ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ.